ಎತ್ತಿದ ಕೈ ಯಾವುದು?

ಒಂದು ಕೆಲಸದಲ್ಲಿ ಪಳಗಿದವರನ್ನು ನಮ್ಮ ಭಾಷೆಯಲ್ಲಿ ‘ಎತ್ತಿದ ಕೈ’ ಎನ್ನುತ್ತೇವೆ. ಹೋಳಿಗೆ ಮಾಡುವುದರಲ್ಲಿ ನಿಮ್ಮ ಅಜ್ಜಿ ಎತ್ತಿದ ಕೈ, ಚದುರಂಗದಲ್ಲಿ ನಿಮ್ಮ ಅಣ್ಣ ಎತ್ತಿದ ಕೈ. ಎತ್ತಿದ್ದು ಎಡಗೈಯೋ ಬಲಗೈಯೋ ಎಂದು ಯಾರೂ ವಿಚಾರಿಸುವುದಿಲ್ಲ. ಬಲಗೈಯೇ ಎಂದು ಮೊದಲೇ ತೀರ್ಮಾನವಾಗಿರುತ್ತದೆ! ಜಗತ್ತಿನ 100 ಜನರಲ್ಲಿ ಸುಮಾರು 90 ಮಂದಿ ಬಲಗೈಯವರು, ಸುಮಾರು 10 ಮಂದಿ ಎಡಗೈಯವರು. ಎರಡೂ ಕೈ ಸರಿಸಮವಾಗಿ ನಡೆಯುವವರು ತೀರ ಅಪರೂಪ. ಆದರೆ ಬರೆಯುವುದು ಒಂದು ಕೈಯಲ್ಲಿ, ಚೆಂಡು ಎಸೆಯುವುದು ಇನ್ನೊಂದರಲ್ಲಿ ಎನ್ನುವ ಬೆರಕೆ ಕೈಯವರು ನಮ್ಮ ನಡುವೆ ಸಾಕಷ್ಟಿದ್ದಾರೆ. ನಿಮ್ಮಲ್ಲೂ ಕೆಲವರು ಇರಬಹುದು. ಈ ಲೇಖನ ಮುಖ್ಯವಾಗಿ ಅಂಥವರಿಗೆ. ಉಳಿದವರು ಓದಿದರೂ ನಷ್ಟವಿಲ್ಲ.

ಈ ವಿಷಯದಲ್ಲಿ ನಮ್ಮ ಭಾಷೆ ಅಷ್ಟು ನಿಷ್ಪಕ್ಷಪಾತಿಯಲ್ಲ. ‘ಬಲ’ ಎಂದರೆ ಒಂದು ಬದಿಯೂ ಹೌದು, ಶಕ್ತಿಯೂ ಹೌದು. ‘ಎಡ’ದ ಪಕ್ಕದಲ್ಲೇ ‘ಎಡವು’, ‘ಎಡವಟ್ಟು’ ಎಂಬ ಮಾತುಗಳು ಬಂದು ಕುಳಿತಿವೆ. ಎಡಗೈಯವನನ್ನು ಎಡಚ ಎಂದೂ, ಉತ್ತರ ಕರ್ನಾಟಕದ ಕಡೆ ರೊಡ್ಡ ಎಂದೂ ಕರೆದು ನಗುವುದು ರೂಢಿ. ಎರಡೂ ಕೈ ಬಲ್ಲವನಿಗೆ ಮಾತ್ರ ಗೌರವದ ಹೆಸರಿದೆ: ಸವ್ಯಸಾಚಿ. ವಿರಾಟಪರ್ವದಲ್ಲಿ ಅರ್ಜುನ ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳ ಅರ್ಥ ಹೇಳುತ್ತಾನೆ. ಗಾಂಡೀವವನ್ನು ಸೆಳೆಯಲು ತನ್ನ ಎರಡು ಕೈಗಳೂ ಸಮರ್ಥವಾದ್ದರಿಂದ ಈ ಹೆಸರು ಬಂತು ಎಂದು ಅಲ್ಲಿ ವಿವರಿಸುತ್ತಾನೆ.

ಹೆಸರೇನೋ ದೊಡ್ಡದು. ಆದರೆ ಸವ್ಯಸಾಚಿಯ ಕಷ್ಟ ಸವ್ಯಸಾಚಿಗೇ ಗೊತ್ತು. ಒಂದೇ ಕೈ ನಡೆಯುವವನು ಯೋಚಿಸುವುದಿಲ್ಲ, ಎಸೆದುಬಿಡುತ್ತಾನೆ. ಎರಡೂ ನಡೆಯುವವನು ನಿಂತು ಯೋಚಿಸುತ್ತಾನೆ. ಈ ಕಷ್ಟ ಕಣ್ಣಿಗೆ ಕಟ್ಟುವಂತೆ ಎದುರಾಗುವ ಒಂದು ಆಟವಿದೆ. ಅದು ಡಿಸ್ಕ್ ಗಾಲ್ಫ್.

ತಟ್ಟೆಯ ಗಾಲ್ಫ್

ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದ ನಮ್ಮ ಮಕ್ಕಳಿಗೆ ಈ ಆಟ ಹೊಸದಲ್ಲ. ಅವರನ್ನು ನೋಡಲು ಹೋದ ತಂದೆತಾಯಂದಿರೂ ಅಲ್ಲಿನ ಪಾರ್ಕುಗಳಲ್ಲಿ, ಮರಗಳ ನಡುವೆ, ಕಂಬಕ್ಕೆ ಸರಪಳಿಗಳನ್ನು ಇಳಿಬಿಟ್ಟ ಕಬ್ಬಿಣದ ಬುಟ್ಟಿಗಳನ್ನು ಕಂಡಿರುತ್ತಾರೆ. ಇದೇನು ಹಕ್ಕಿಗಳಿಗೆ ಕಾಳು ಹಾಕುವ ಏರ್ಪಾಡೇ ಎಂದು ಕೇಳಿದವರೂ ಉಂಟು!

ಆಟ ಸರಳ. ಗಾಲ್ಫಿನಲ್ಲಿ ಕೋಲು, ಚೆಂಡು, ಗುಂಡಿ. ಇಲ್ಲಿ ಕೋಲಿಲ್ಲ, ಚೆಂಡಿನ ಬದಲು ಪ್ಲಾಸ್ಟಿಕ್ಕಿನ ತಟ್ಟೆ, ಗುಂಡಿಯ ಬದಲು ಬುಟ್ಟಿ. ತಟ್ಟೆಯನ್ನು ಬುಟ್ಟಿಯ ಕಡೆಗೆ ಎಸೆಯಬೇಕು. ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ಅತಿ ಕಡಿಮೆ ಎಸೆತಗಳಲ್ಲಿ ಎಲ್ಲ ಬುಟ್ಟಿಗಳನ್ನು ಮುಗಿಸಿದವನು ಗೆದ್ದ. ಸಾಮಾನ್ಯವಾಗಿ 9 ಅಥವಾ 18 ಬುಟ್ಟಿಗಳಿರುತ್ತವೆ. ತಟ್ಟೆ ನಾವು ಬಾಲ್ಯದಿಂದ ಕಂಡ ಫ್ರಿಸ್ಬೀಗಿಂತ ಚಿಕ್ಕದು, ಅಡ್ಡಳತೆ ಸುಮಾರು 21 ಸೆಂಟಿಮೀಟರು. ತೂಕ ಬಹುಮಟ್ಟಿಗೆ 150ರಿಂದ 180 ಗ್ರಾಂ. ಅಂಚು ಚೂಪಾಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. 2016ರಲ್ಲಿ ಅಮೆರಿಕದ ಡೇವಿಡ್ ವಿಗ್ಗಿನ್ಸ್ ಜೂನಿಯರ್ ನೆವಾಡಾದ ಬಯಲಿನಲ್ಲಿ, ಗಾಳಿಯ ನೆರವಿನಿಂದ, ತಟ್ಟೆಯನ್ನು 338 ಮೀಟರು ದೂರ ಎಸೆದ. ನಮ್ಮ ಕ್ರಿಕೆಟ್ ಮೈದಾನವನ್ನು ಉದ್ದಕ್ಕೆ ಎರಡು ಬಾರಿ ದಾಟಿದಷ್ಟು ದೂರ!

ಈ ಆಟಕ್ಕೆ ರೂಪ ಕೊಟ್ಟವರು ಎಡ್ ಹೆಡ್ರಿಕ್ ಎಂಬವರು. ಫ್ರಿಸ್ಬೀ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದವರು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಅಂಗಳ ಸಿದ್ಧವಾಯಿತು. 1976ರಲ್ಲಿ ಅವರು ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನು ಸ್ಥಾಪಿಸಿದರು. ತಟ್ಟೆಯನ್ನು ತಡೆದು ಬುಟ್ಟಿಗೆ ಬೀಳಿಸುವ ಸರಪಳಿಯ ಯೋಚನೆಯೂ ಅವರದೇ. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನು ಮಾಡಿದರು. ಆಟದ ಮೇಲಿನ ಪ್ರೀತಿ ಎಂದರೆ ಹೀಗಿರಬೇಕು.

ನಮ್ಮ ವಿಷಯಕ್ಕೆ ಬೇಕಾದ ಮಾತು ಇನ್ನೊಂದಿದೆ. ಗಾಲ್ಫ್ ಕೋಲಿಗೆ ಎಡ ಬಲ ಇದೆ; ಎಡಗೈಯವರು ಬೇರೆ ಕೋಲುಗಳನ್ನೇ ಕೊಳ್ಳಬೇಕು. ಹಾಕಿಯಲ್ಲಿ ಆ ಅವಕಾಶವೂ ಇಲ್ಲ, ಎಲ್ಲರಿಗೂ ಒಂದೇ ಬಗೆಯ ಸ್ಟಿಕ್. ತಟ್ಟೆ ಮಾತ್ರ ದುಂಡಗಿದೆ. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಯಾವ ಕೈಯಾದರೂ ಅದಕ್ಕೆ ಸಮ್ಮತ. ಹಾಗಾಗಿ ಕೈಯನ್ನು ಆರಿಸುವ ಹೊಣೆ ಪೂರ್ತಿ ಎಸೆಯುವವನದೇ.

ತಟ್ಟೆ ಬಾಗುವುದೇಕೆ?

ಕೈಯ ಆಯ್ಕೆ ಇಲ್ಲಿ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ತಟ್ಟೆಯ ಸ್ವಭಾವ. ಅದು ನೇರವಾಗಿ ಹೋಗಿ ನೇರವಾಗಿ ಬೀಳುವುದಿಲ್ಲ. ಕೊನೆಯಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡು ಇಳಿಯುತ್ತದೆ. ಯಾವ ಪಕ್ಕಕ್ಕೆ ಎನ್ನುವುದನ್ನು ನಿರ್ಧರಿಸುವುದು ಅದು ತಿರುಗುವ ದಿಕ್ಕು.

ಮುಖ್ಯವಾಗಿ ಎರಡು ಬಗೆಯ ಎಸೆತಗಳಿವೆ. ಇಸ್ಪೀಟು ಎಲೆ ಹಂಚುವಾಗ ಕೈಯನ್ನು ಎದೆಯ ಮುಂದೆ ಮಡಚಿ ಹೊರಕ್ಕೆ ಬೀಸುತ್ತೇವಲ್ಲ, ಅದು ಬ್ಯಾಕ್‌ಹ್ಯಾಂಡ್. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಕುಪ್ಪಳಿಸಲು ಪಕ್ಕದಿಂದ ಬೀಸುತ್ತೇವಲ್ಲ, ಅದು ಫೋರ್‌ಹ್ಯಾಂಡ್. ಬಲಗೈಯಿಂದ ಬ್ಯಾಕ್‌ಹ್ಯಾಂಡ್ ಎಸೆದರೆ ತಟ್ಟೆ, ಮೇಲಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ವೇಗ ಕುಂದಿದಂತೆ ಎಡಕ್ಕೆ ವಾಲುತ್ತದೆ. ಬಲಗೈಯಿಂದಲೇ ಫೋರ್‌ಹ್ಯಾಂಡ್ ಎಸೆದರೆ ತಿರುಗುವುದು ಉಲ್ಟಾ, ವಾಲುವುದು ಬಲಕ್ಕೆ. ಎಡಗೈಯಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ: ಎಡಗೈ ಬ್ಯಾಕ್‌ಹ್ಯಾಂಡ್ ಬಲಕ್ಕೆ ವಾಲುತ್ತದೆ, ಎಡಗೈ ಫೋರ್‌ಹ್ಯಾಂಡ್ ಎಡಕ್ಕೆ.

ಹೀಗೇಕೆ? ಬುಗುರಿಯನ್ನು ನೆನಪಿಸಿಕೊಳ್ಳಿ. ತಿರುಗುತ್ತಿರುವ ಬುಗುರಿಯ ತಲೆಯನ್ನು ಬೆರಳಿನಿಂದ ಮೆಲ್ಲನೆ ತಳ್ಳಿದರೆ ಅದು ತಳ್ಳಿದ ಕಡೆಗೆ ಬೀಳದೆ ಪಕ್ಕಕ್ಕೆ ಸರಿಯುತ್ತದೆ. ತಟ್ಟೆಯದೂ ಅದೇ ಗುಣ. ವೇಗ ಕುಂದಿದಾಗ ಗಾಳಿ ಅದರ ಮುಂಭಾಗವನ್ನು ಮೇಲಕ್ಕೆತ್ತಲು ನೋಡುತ್ತದೆ. ತಿರುಗುತ್ತಿರುವ ತಟ್ಟೆ ಮೇಲೇಳುವ ಬದಲು ಪಕ್ಕಕ್ಕೆ ಓರೆಯಾಗುತ್ತದೆ. ತಿರುಗುವ ದಿಕ್ಕು ಬದಲಾದರೆ ಓರೆಯೂ ಬದಲಾಗುತ್ತದೆ. ಇನ್ನೂ ರಭಸವಿರುವಾಗ ತಟ್ಟೆ ಇದಕ್ಕೆ ವಿರುದ್ಧ ದಿಕ್ಕಿಗೆ ಸ್ವಲ್ಪ ಸರಿಯುವುದೂ ಉಂಟು. ಎದುರು ಗಾಳಿ ಇದ್ದರೆ ಅದು ಇನ್ನಷ್ಟು ಹೆಚ್ಚು. ಆದ್ದರಿಂದ ನುರಿತವರ ಕೈಯ ತಟ್ಟೆ ಗಾಳಿಯಲ್ಲಿ ಹಾವಿನಂತೆ ಬಳುಕುತ್ತ ಹೋಗುವುದನ್ನು ನೋಡಬಹುದು.

ಅಂಗಳದಲ್ಲಿ ಮರಗಳಿರುತ್ತವೆ, ಹಾದಿಗಳು ಎಡಕ್ಕೂ ಬಲಕ್ಕೂ ತಿರುಗುತ್ತವೆ. ಎಡಕ್ಕೆ ತಿರುಗುವ ಹಾದಿಗೆ ಎಡಕ್ಕೆ ಬಾಗುವ ಎಸೆತ ಬೇಕು, ಬಲಕ್ಕೆ ತಿರುಗುವ ಹಾದಿಗೆ ಬಲಕ್ಕೆ ಬಾಗುವುದು ಬೇಕು. ಒಂದೇ ಕೈಯವನು ಇದನ್ನು ಬ್ಯಾಕ್‌ಹ್ಯಾಂಡ್ ಮತ್ತು ಫೋರ್‌ಹ್ಯಾಂಡ್ ಎರಡನ್ನೂ ಕಲಿತು ಸಾಧಿಸುತ್ತಾನೆ. ಎರಡೂ ಕೈಯವನು ಒಂದೇ ಬಗೆಯ ಎಸೆತವನ್ನು ಕೈ ಬದಲಿಸಿ ಸಾಧಿಸಬಹುದು. ಇಲ್ಲಿಂದ ಶುರು ಪ್ರಶ್ನೆ: ಹಾಗಾದರೆ ಯಾವುದು ಮೊದಲ ಕೈ?

ಎರಡು ಕೈ, ಒಂದೇ ಬಾಗು

ನನ್ನ ಅಣ್ಣನ ಮಗನ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪುಣೆಯಲ್ಲಿ ಹುಟ್ಟಿ ಬೆಳೆದ ಹುಡುಗ. ಬರೆಯುವುದು ಎಡಗೈಯಲ್ಲಿ. ಊಟ ಮಾತ್ರ ಬಲಗೈಯಲ್ಲಿ, ಏಕೆಂದರೆ ಎಡಗೈಯಲ್ಲಿ ತುತ್ತೆತ್ತಿದರೆ ಅಜ್ಜಿ ಕೈಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ಕೇರಂ ಎಡಗೈ, ಚೆಂಡೆಸೆಯುವುದು ಬಲಗೈ, ಬ್ಯಾಟು ಹಿಡಿಯುವುದು ಬಲಗೈ ಆಟಗಾರನಂತೆ. ಶಾಲೆಯಲ್ಲಿ ಒಬ್ಬ ಟೀಚರು ಅವನ ಬರೆಯುವ ಕೈಯನ್ನೂ ಬದಲಿಸಲು ಒಂದು ವರ್ಷ ಪ್ರಯತ್ನಪಟ್ಟು ಕೈಬಿಟ್ಟರು. ಮಕ್ಕಳ ಕೈಯನ್ನು ಒತ್ತಾಯದಿಂದ ಬದಲಿಸಬಾರದು ಎಂದು ಇಂದಿನ ಶಿಕ್ಷಣತಜ್ಞರು ಹೇಳುತ್ತಾರೆ. ಆಗ ಅದನ್ನು ಕೇಳುವವರು ಕಡಿಮೆ. ಹುಡುಗನಿಗೆ ಮಾತ್ರ ಒಂದು ಅಭ್ಯಾಸ ಉಳಿದುಕೊಂಡಿತು. ಹೊಸದಾಗಿ ಏನನ್ನು ಕೈಗೆತ್ತಿಕೊಂಡರೂ, ಯಾವ ಕೈ ಚಾಚಿದರೆ ಬೈಸಿಕೊಳ್ಳುವುದಿಲ್ಲ ಎಂದು ಒಂದು ಕ್ಷಣ ತಡೆಯುವುದು.

ಎಂ.ಎಸ್. ಓದಲು ನಾರ್ತ್ ಕೆರೋಲಿನಾಗೆ ಹೋದವನಿಗೆ ಅಲ್ಲಿ ಡಿಸ್ಕ್ ಗಾಲ್ಫ್ ಹುಚ್ಚು ಹತ್ತಿತು. ಮೊದಲ ಆರು ತಿಂಗಳು ಬಲಗೈ ಫೋರ್‌ಹ್ಯಾಂಡ್ ಒಂದನ್ನೇ ಆಡಿದ. ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಚೆಂಡೆಸೆದ ಕೈ, ಸುಲಭವಾಗಿ ಬಂತು. ಆದರೆ ಫೋರ್‌ಹ್ಯಾಂಡ್ ಮೊಣಕೈಯ ಒಳಬದಿಗೆ ಬಹಳ ಭಾರ ಹಾಕುವ ಎಸೆತ. ರಭಸದಿಂದ ಪದೇ ಪದೇ ಎಸೆದರೆ, ಬೇಸ್‌ಬಾಲ್ ಎಸೆತಗಾರರಿಗೆ ಆಗುವಂತೆ, ಅಲ್ಲಿನ ಸ್ನಾಯುಬಂಧಗಳು ನೋಯತೊಡಗುತ್ತವೆ. ಇವನಿಗೂ ಹಾಗೇ ಆಯಿತು. ನೀರಿನ ಲೋಟ ಎತ್ತಿದರೂ ನೋವು. ಎರಡು ತಿಂಗಳು ಆ ಕೈಯಿಂದ ಎಸೆಯಕೂಡದು ಎಂದರು ಡಾಕ್ಟರು. ಬಿಡುವಿನಲ್ಲಿ ಸುಮ್ಮನಿರಲಾರದೆ ಎಡಗೈಯಿಂದ ಬ್ಯಾಕ್‌ಹ್ಯಾಂಡ್ ಶುರುಮಾಡಿದ. ಅದು ಚೆನ್ನಾಗಿಯೇ ಬಂತು. ಬಲಗೈ ವಾಸಿಯಾದ ಮೇಲೆ ಇನ್ನೇನು, ತನಗೆ ಎರಡು ಕೈ, ಎರಡು ಎಸೆತ, ಯಾರಿಗೂ ಸಿಗದ ಭಾಗ್ಯ ಎಂದು ಬೀಗಿದ.

ಅಂಗಳಕ್ಕಿಳಿದಾಗ ಗೊತ್ತಾಯಿತು. ಮೇಲೆ ಹೇಳಿದ್ದನ್ನು ನೀವು ಗಮನವಿಟ್ಟು ಓದಿದ್ದರೆ ನಿಮಗೂ ಹೊಳೆದಿರುತ್ತದೆ. ಎಡಗೈ ಬ್ಯಾಕ್‌ಹ್ಯಾಂಡ್ ವಾಲುವುದು ಬಲಕ್ಕೆ. ಬಲಗೈ ಫೋರ್‌ಹ್ಯಾಂಡ್ ವಾಲುವುದೂ ಬಲಕ್ಕೆ! ಕೈ ಎರಡು, ಎಸೆತ ಎರಡು, ಬಾಗು ಮಾತ್ರ ಒಂದೇ. ಎಡಕ್ಕೆ ತಿರುಗುವ ಹಾದಿ ಎದುರಾದಾಗಲೆಲ್ಲ ಇವನ ತಟ್ಟೆ ಕಾಡು ಸೇರುತ್ತಿತ್ತು.

ಬೆರಕೆ ಕೈಯವರು ಬೀಳುವ ಗುಂಡಿ ಇದೇ. ಎರಡು ಕೈ ಇದ್ದ ಮಾತ್ರಕ್ಕೆ ಎರಡು ಪಟ್ಟು ಶಕ್ತಿ ಇದೆ ಎಂದಲ್ಲ. ಒಂದು ಕೈ ಮಾಡಲಾರದ ಕೆಲಸವನ್ನು ಇನ್ನೊಂದು ಮಾಡಿದರೆ ಮಾತ್ರ ಎರಡನೆಯ ಕೈಗೆ ಅರ್ಥ. ಎಡಗೈ ಬ್ಯಾಕ್‌ಹ್ಯಾಂಡನ್ನು ಮೊದಲ ಎಸೆತವಾಗಿ ಇಟ್ಟುಕೊಂಡವನಿಗೆ ಜೊತೆಯಾಗಬೇಕಾದದ್ದು ಬಲಗೈ ಬ್ಯಾಕ್‌ಹ್ಯಾಂಡ್ ಅಥವಾ ಎಡಗೈ ಫೋರ್‌ಹ್ಯಾಂಡ್.

ಬ್ಯಾಟು ಹೇಳುವ ಗುಟ್ಟು

ಬಲಗೈಯಲ್ಲಿ ಚೆಂಡೆಸೆಯುವ ಹುಡುಗನಿಗೆ ಎಡಗೈ ಬ್ಯಾಕ್‌ಹ್ಯಾಂಡ್ ಅಷ್ಟು ಸಲೀಸಾಗಿ ಬಂದದ್ದು ಹೇಗೆ? ಉತ್ತರ ಅವನ ಬ್ಯಾಟಿನಲ್ಲಿತ್ತು. ಕ್ರಿಕೆಟ್ ಆಡುವ ನಿಮಗೆಲ್ಲ ಇದು ಸುಲಭವಾಗಿ ಅರ್ಥವಾಗುತ್ತದೆ.

ಬಲಗೈ ಬ್ಯಾಟ್ಸ್‌ಮನ್ ಹೇಗೆ ನಿಲ್ಲುತ್ತಾನೆ? ಎಡಭುಜ ಬೌಲರನ ಕಡೆಗೆ, ಎಡಗಾಲು ಮುಂದೆ. ಕವರ್ ಡ್ರೈವ್ ಹೊಡೆಯುವಾಗ ಮುಂದಿನ ಕಾಲಿನ ಮೇಲೆ ಭಾರ ಬೀಳುತ್ತದೆ, ಬ್ಯಾಟನ್ನು ಮೇಲೆ ಹಿಡಿದ ಎಡಗೈ ದಾರಿ ತೋರಿಸುತ್ತದೆ. ಈಗ ಎಡಗೈ ಬ್ಯಾಕ್‌ಹ್ಯಾಂಡ್ ನೋಡಿ: ಎಡಭುಜ ಗುರಿಯ ಕಡೆಗೆ, ಎಡಗಾಲು ಮುಂದೆ, ಸೊಂಟ ಅದೇ ದಿಕ್ಕಿಗೆ ತಿರುಗುತ್ತದೆ. ಅಂದರೆ ಬಲಗೈ ಬ್ಯಾಟ್ಸ್‌ಮನ್ನನ ಸೊಂಟ, ಕಾಲುಗಳು ಎಡಗೈ ಬ್ಯಾಕ್‌ಹ್ಯಾಂಡನ್ನು ಬಾಲ್ಯದಿಂದಲೇ ಅಭ್ಯಾಸ ಮಾಡಿವೆ! ಸೌರವ್ ಗಂಗೂಲಿಯಂತೆ ಬಲಗೈಯಲ್ಲಿ ಬೌಲಿಂಗ್ ಮಾಡಿ ಎಡಗೈ ಬ್ಯಾಟಿಂಗ್ ಮಾಡುವವರ ಸೊಂಟ ಬಲಗೈ ಬ್ಯಾಕ್‌ಹ್ಯಾಂಡಿಗೆ ಹೊಂದುತ್ತದೆ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟು ಬೀಸಿದ್ದು ಬಲಗೈಯವರಂತೆ. ಅವರು ತಟ್ಟೆ ಹಿಡಿದಿದ್ದರೆ ಎಡಗೈಗೆ ಎರಡು ಕಡೆಯಿಂದಲೂ ಒಲವು ಸಿಗುತ್ತಿತ್ತೇನೋ.

ಇದರಿಂದ ತಿಳಿಯುವುದೇನು? ಎಸೆತ ಕೈಯದೆಂದು ನಾವು ತಿಳಿದಿದ್ದೇವೆ. ನಿಜವಾಗಿ ಎಸೆಯುವುದು ಕಾಲು, ಸೊಂಟ, ಭುಜ. ಕೈ ಕೊನೆಯಲ್ಲಿ ಬಂದು ಸೇರುವ ನೆಂಟ. ಹಾಗಾಗಿ ‘ನಾನು ಬರೆಯುವುದು ಈ ಕೈ, ಆದ್ದರಿಂದ ಎಸೆಯುವುದೂ ಇದೇ’ ಎಂದು ತೀರ್ಮಾನಿಸಬೇಡಿ. ಬರೆಯುವುದು ಬೆರಳಿನ ಕೆಲಸ, ಎಸೆಯುವುದು ಇಡೀ ಮೈಯ ಕೆಲಸ.

ನೀವೇ ಪರೀಕ್ಷಿಸಿ ನೋಡಿ

ಕೈ ಆರಿಸಿಕೊಳ್ಳಬೇಕಾದವರು ಹೀಗೆ ಮಾಡಿ. ಇದಕ್ಕೆ ಡಿಸ್ಕ್ ಗಾಲ್ಫ್ ಅಂಗಳವೇ ಬೇಕಿಲ್ಲ, ಖಾಲಿ ಮೈದಾನ ಮತ್ತು ಒಂದು ಸಾಧಾರಣ ಫ್ರಿಸ್ಬೀ ಸಾಕು. ಚೆನ್ನೈನ ಕಡಲತೀರದಲ್ಲಿ ಅಲ್ಟಿಮೇಟ್ ಆಡುವವರನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ, ಆಡಿಯೂ ಇರುತ್ತೀರಿ. ಅವರಿಗೂ ಇದು ಅನ್ವಯಿಸುತ್ತದೆ.

ಮೊದಲನೆಯದಾಗಿ, ಎರಡೂ ಕೈಯಿಂದ 10-10 ಬ್ಯಾಕ್‌ಹ್ಯಾಂಡ್ ಎಸೆಯಿರಿ. ಪೂರ್ತಿ ಬಲ ಹಾಕಬೇಡಿ. ತಟ್ಟೆ ಬಿದ್ದ ಜಾಗಗಳಿಗೆ ಕಲ್ಲಿಟ್ಟು ಗುರುತು ಮಾಡಿ. ಅತಿ ದೂರ ಹೋದ ಒಂದು ಎಸೆತವನ್ನು ನೋಡಿ ಮರುಳಾಗಬೇಡಿ. ಹತ್ತೂ ಕಲ್ಲುಗಳು ಯಾವ ಕೈಯಲ್ಲಿ ಒತ್ತಾಗಿ ಬಿದ್ದಿವೆ ಎಂದು ನೋಡಿ. ದೂರವನ್ನು ಕಲಿಯಬಹುದು, ಕಲ್ಲುಗಳು ಒಟ್ಟಿಗೆ ಬೀಳುವುದು ಮೈಯ ಒಲವು. ನಮ್ಮ ಹುಡುಗನ ಬಲಗೈ ಕಲ್ಲುಗಳು ದೂರ ಹೋಗಿದ್ದರೂ ಜಾತ್ರೆಯ ಜನರಂತೆ ಚದುರಿದ್ದವು. ಎಡಗೈಯವು ಹತ್ತಿರದಲ್ಲೇ ಇದ್ದರೂ ಪಂಕ್ತಿಯಲ್ಲಿ ಕುಳಿತಂತಿದ್ದವು.

ಎರಡನೆಯದಾಗಿ, ತಟ್ಟೆ ಹಾರುವುದನ್ನು ನೋಡಿ. ಕೈ ಬಿಟ್ಟ ಕೂಡಲೇ ಅದು ನಡುಗುತ್ತದೆಯೇ, ಸಮವಾಗಿ ಹೋಗುತ್ತದೆಯೇ? ನಡುಕವಿಲ್ಲದೆ ತಿರುಗಿಸುವ ಕೈ ಮುಂದೆ ದೂರವನ್ನೂ ಸಾಧಿಸುತ್ತದೆ.

ಮೂರನೆಯದಾಗಿ, ಮರುದಿನ ಬೆಳಿಗ್ಗೆ ಮೈ ಏನು ಹೇಳುತ್ತದೆ ಕೇಳಿ. ತೊಡೆ, ಬೆನ್ನು ತುಸು ನೊಂದರೆ ಚಿಂತೆಯಿಲ್ಲ. ಮೊಣಕೈ, ಭುಜದ ಕೀಲು ನೊಂದರೆ ಎಚ್ಚರ. ಎರಡು ಕೈ ಇರುವವರಿಗೆ ಒಂದು ದೊಡ್ಡ ಅನುಕೂಲ ಇಲ್ಲಿದೆ. ಮೊಣಕೈ ನೋಯಿಸುವ ಫೋರ್‌ಹ್ಯಾಂಡನ್ನೇ ನೆಚ್ಚದೆ, ಎರಡೂ ಕೈಯ ಬ್ಯಾಕ್‌ಹ್ಯಾಂಡಿನಿಂದ ಎರಡೂ ಬಾಗುಗಳನ್ನು ಪಡೆಯಬಹುದು.

ಇಷ್ಟಾದ ಮೇಲೆ ಒಂದು ಕೈಯನ್ನು ಮೊದಲ ಕೈ ಎಂದು ಒಪ್ಪಿ, ಮೂರು ತಿಂಗಳು ಅದಕ್ಕೇ ಅಂಟಿಕೊಳ್ಳಿ. ಇದೇ ಬಹಳ ಜನರಿಗೆ ಕಷ್ಟ. ಒಂದು ಎಸೆತ ಕೆಟ್ಟಿತೆಂದು ಕೈ ಬದಲಿಸುವುದು, ಅದೂ ಕೆಟ್ಟಿತೆಂದು ಮತ್ತೆ ಬದಲಿಸುವುದು. ಎರಡು ದೋಣಿಯ ಮೇಲೆ ಕಾಲಿಟ್ಟರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಎರಡೂ ಕೈಯನ್ನು ಸಮವಾಗಿ ಬೆಳೆಸಲು ಎರಡು ಪಟ್ಟು ಸಮಯ ಬೇಕು. ಓದು, ಕೆಲಸ ಇರುವವರಿಗೆ ಅಷ್ಟು ಸಮಯವೆಲ್ಲಿ? ಅಭ್ಯಾಸದ ಮುಕ್ಕಾಲು ಪಾಲು ಮೊದಲ ಕೈಗೆ, ಕಾಲು ಪಾಲು ಎರಡನೆಯದಕ್ಕೆ ಕೊಟ್ಟರೆ ಸಾಕು. ಬುಟ್ಟಿಯ ಹತ್ತಿರದ ಮೆಲು ಎಸೆತವನ್ನು, ಅಂದರೆ ಪಟ್ಟಿಂಗನ್ನು, ಸದಾ ಒಂದೇ ಕೈಯಲ್ಲಿ ಮಾಡಿ. ಅಲ್ಲಿ ಬೇಕಾದದ್ದು ಬಾಗು ಅಲ್ಲ, ಭರವಸೆ.

ಒಂದೇ ಕೈಯವರು ಇದನ್ನೆಲ್ಲ ಓದಿ ಮರುಗಬೇಕಿಲ್ಲ. ಆರು ಬಾರಿ ವಿಶ್ವ ಚಾಂಪಿಯನ್ ಆದ ಪಾಲ್ ಮೆಕ್‌ಬೆತ್ ಬಲಗೈ ಆಟಗಾರ. 2021ರಲ್ಲಿ ಯೂಟಾ ರಾಜ್ಯದ ಆಗ್ಡನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಬುಟ್ಟಿಗೆ 247 ಅಡಿ ದೂರದಿಂದ ತಟ್ಟೆಯನ್ನು ನೇರ ಸರಪಳಿಗೆ ಬಡಿಸಿ, ಮೆಕ್‌ಬೆತ್‌ನೊಡನೆ ಸಮಮಾಡಿ, ಮುಂದಿನ ಬುಟ್ಟಿಯಲ್ಲಿ ಪ್ರಶಸ್ತಿ ಗೆದ್ದ ಜೇಮ್ಸ್ ಕಾನ್ರಾಡ್ ಕೂಡ ಬಲಗೈಯವನೇ. ಎರಡನೆಯ ಕೈ ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವಿಲ್ಲ.

ನಿಯಮ ಏನನ್ನುತ್ತದೆ?

ಕೈ ಬದಲಿಸುವುದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಆಟದಿಂದ ಆಟಕ್ಕೆ ಉತ್ತರ ಬೇರೆ.

ಬೇಸ್‌ಬಾಲ್‌ನಲ್ಲಿ ಪ್ಯಾಟ್ ವೆಂಡಿಟ್ಟಿ ಎಂಬ ಎಸೆತಗಾರನಿದ್ದ. ಎರಡೂ ಕೈಯಿಂದ ಎಸೆಯಬಲ್ಲವನು. 2008ರಲ್ಲಿ ಕೆಳದರ್ಜೆಯ ಲೀಗಿನ ಒಂದು ಪಂದ್ಯದಲ್ಲಿ ಅವನ ಎದುರಿಗೆ ಎರಡೂ ಕಡೆಯಿಂದ ಬ್ಯಾಟು ಬೀಸಬಲ್ಲ ಆಟಗಾರ ಬಂದ. ಇವನು ಕೈ ಬದಲಿಸಿದರೆ ಅವನು ಬದಿ ಬದಲಿಸುವುದು, ಅವನು ಬದಲಿಸಿದರೆ ಇವನು ಬದಲಿಸುವುದು. ಆಟವೇ ನಿಂತುಹೋಯಿತು, ಪ್ರೇಕ್ಷಕರಿಗೆ ನಗುವೋ ನಗು! ಆಮೇಲೆ ಹೊಸ ನಿಯಮ ಬಂತು: ಎಸೆತಗಾರ ಯಾವ ಕೈಯಿಂದ ಎಸೆಯುತ್ತಾನೆಂದು ಮೊದಲೇ ತೋರಿಸಬೇಕು. ಆ ನಿಯಮಕ್ಕೆ ಜನ ಅವನ ಹೆಸರನ್ನೇ ಇಟ್ಟರು. 2015ರಲ್ಲಿ ಅವನು ಓಕ್ಲೆಂಡ್ ತಂಡದ ಪರವಾಗಿ ಮೇಜರ್ ಲೀಗನ್ನೂ ಪ್ರವೇಶಿಸಿದ.

ಕ್ರಿಕೆಟ್‌ನಲ್ಲೂ ಬೌಲರ್ ಕೈ ಬದಲಿಸಬಹುದು, ಆದರೆ ಅಂಪೈರಿಗೆ ತಿಳಿಸಬೇಕು. ವಿದರ್ಭದ ಅಕ್ಷಯ್ ಕರ್ಣೇವಾರ್ ಎರಡೂ ಕೈಯಿಂದ ಸ್ಪಿನ್ ಹಾಕುವವರು. ಶ್ರೀಲಂಕಾದ ಕಮಿಂದು ಮೆಂಡಿಸ್ 2025ರ ಐಪಿಎಲ್‌ನಲ್ಲಿ ಹೈದರಾಬಾದ್ ತಂಡದ ಪರವಾಗಿ ಒಂದೇ ಓವರಿನಲ್ಲಿ ಎರಡೂ ಕೈಯಿಂದ ಬೌಲಿಂಗ್ ಮಾಡಿದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು.

ಡಿಸ್ಕ್ ಗಾಲ್ಫಿನಲ್ಲಿ ಯಾರಿಗೂ ಹೇಳಬೇಕಿಲ್ಲ, ಕೇಳಬೇಕಿಲ್ಲ. ಪ್ರತಿ ಎಸೆತಕ್ಕೂ ಕೈ ಬದಲಿಸಿದರೂ ನಿಯಮ ಅಡ್ಡಬರುವುದಿಲ್ಲ. ತಟ್ಟೆ ಮರದ ಬುಡದಲ್ಲಿ ಬಿದ್ದು ಬಲಗೈ ಬೀಸಲು ಜಾಗವಿಲ್ಲದಾಗ, ಒಂದೇ ಕೈಯವನು ಮೊಣಕಾಲೂರಿ ಒದ್ದಾಡುತ್ತಾನೆ. ಎರಡು ಕೈಯವನು ಮರದ ಇನ್ನೊಂದು ಪಕ್ಕದಿಂದ ಎಡಗೈ ಬೀಸಿ ಮುಂದೆ ಹೋಗುತ್ತಾನೆ. ಆದರೆ ನಿಯಮ ಒಂದು ಕಡೆ ಬಿಗಿಯಾಗಿದೆ. ನಿಮ್ಮ ಸರದಿ ಬಂದು ಹಾದಿ ತೆರವಾದ ಮೇಲೆ 30 ಸೆಕೆಂಡಿನೊಳಗೆ ಎಸೆಯಬೇಕು. ಯಾವ ಕೈ, ಯಾವ ಕೈ ಎಂದು ಅಲ್ಲಿ ನಿಂತು ಯೋಚಿಸಲು ಸಮಯವಿಲ್ಲ. ಮೊದಲ ಕೈಯನ್ನು ಮುಂಚೆಯೇ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಆಯ್ಕೆ ಮನೆಯಲ್ಲಿ ಆಗಿರಬೇಕು, ಅಂಗಳದಲ್ಲಿ ಎಸೆತ ಮಾತ್ರ.

ಮೈಸೂರಿನ ಒಂದು ಉದಾಹರಣೆ

ಎರಡು ಕೈಗಳಿಗೆ ಕೆಲಸ ಹಂಚಿಕೊಟ್ಟವರಲ್ಲಿ ನಮ್ಮ ನಾಡಿನ ಹೆಮ್ಮೆಯ ಹೆಸರೊಂದನ್ನು ಹೇಳದೆ ಮುಗಿಸಲಾರೆ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರಿಗೆ ಬಾಲ್ಯದಲ್ಲೇ ಪೋಲಿಯೋ ತಗುಲಿ ಬಲಗೈ ಸೊರಗಿತು. ಬೇರೆಯವರಾಗಿದ್ದರೆ ಆ ಕೈಯನ್ನು ಮರೆತು ಎಡಗೈಯನ್ನೇ ನೆಚ್ಚುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ದೂರದಿಂದ ಎಸೆಯುವ ಕೆಲಸವನ್ನು ಎಡಗೈಗೆ ಕೊಟ್ಟರು. ಬೌಲಿಂಗನ್ನು ಆ ಸೊರಗಿದ ಬಲಗೈಗೇ ಉಳಿಸಿಕೊಂಡರು. ಆ ಕೈಯ ಲೆಗ್ ಸ್ಪಿನ್ನಿನ ವೇಗ, ಪುಟಿತ ಯಾವ ಬ್ಯಾಟ್ಸ್‌ಮನ್ನನಿಗೂ ಬಗೆಹರಿಯದ ಒಗಟಾಯಿತು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು, ಮೊದಲ ಸರಣಿ ಗೆಲುವು ತಂದುಕೊಟ್ಟದ್ದು ಆ ಕೈಯೇ. 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದದ್ದೂ ಅದೇ.

ಗಮನಿಸಿ, ಅವರು ಯಾವ ಕೈಗೆ ಬಲ ಹೆಚ್ಚು ಎಂದು ಅಳೆದು ಎಲ್ಲ ಕೆಲಸವನ್ನೂ ಅದಕ್ಕೇ ಒಪ್ಪಿಸಲಿಲ್ಲ. ಯಾವ ಕೆಲಸಕ್ಕೆ ಯಾವ ಕೈ ಎಂದು ಕೇಳಿಕೊಂಡರು. ಸರಿಯಾದ ಪ್ರಶ್ನೆ ಅದೇ. ಅಣ್ಣನ ಮಗನೂ ಕೊನೆಗೆ ಇದೇ ದಾರಿ ಹಿಡಿದ. ದೂರದ ಎಸೆತಕ್ಕೂ ಬುಟ್ಟಿಯ ಹತ್ತಿರಕ್ಕೂ ಎಡಗೈ. ಎಡಕ್ಕೆ ತಿರುಗುವ ಹಾದಿಗೆ ಬಲಗೈ ಬ್ಯಾಕ್‌ಹ್ಯಾಂಡ್. ಫೋರ್‌ಹ್ಯಾಂಡನ್ನು ಅಪರೂಪಕ್ಕೆ ಮಾತ್ರ. ಮೊಣಕೈ ನೋವು ಮರುಕಳಿಸಿಲ್ಲ. ನಾನು ಅಲ್ಲಿದ್ದಾಗ ಗಮನಿಸಿದ್ದು ಇನ್ನೊಂದು: ತಟ್ಟೆ ಎತ್ತಿಕೊಳ್ಳುವಾಗ ಅವನು ಈಗ ತಡೆಯುವುದಿಲ್ಲ.

ಹೊರನಾಡಿನಲ್ಲಿ ಬೆಳೆದ ನಿಮಗೆ ಈ ಮಾತು ಬರೀ ಆಟದ್ದಲ್ಲ ಎಂದು ನನಗನ್ನಿಸುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ, ತರಗತಿಯಲ್ಲಿ ಇಂಗ್ಲಿಷ್. ‘ನಿನ್ನ ಭಾಷೆ ಯಾವುದು?’ ಎಂದು ಯಾರಾದರೂ ಕೇಳಿದರೆ ನೀವೂ ಒಂದು ಕ್ಷಣ ತಡೆಯುತ್ತೀರಿ. ಊರಿಗೆ ಹೋದರೆ ನಿಮ್ಮ ಕನ್ನಡ ಕೇಳಿ ನಗುತ್ತಾರೆ, ಇಲ್ಲಿ ನಿಮ್ಮ ಹೆಸರು ಕೇಳಿ ಯಾವ ಊರು ಎನ್ನುತ್ತಾರೆ. ಒಂದನ್ನು ಆರಿಸು, ಇನ್ನೊಂದನ್ನು ಬಿಡು ಎಂದು ಕೈಯ ಮೇಲೆ ತಟ್ಟುವವರು ಎರಡು ಕಡೆಯೂ ಇದ್ದಾರೆ. ಅವರ ಮಾತಿಗೆ ಸೊಪ್ಪು ಹಾಕಬೇಡಿ. ಕಚೇರಿಗೆ ಒಂದು ಭಾಷೆ, ಗೆಳೆಯರಿಗೆ ಒಂದು, ಅಜ್ಜಿಯ ಜೊತೆಗೆ ಒಂದು ಇದ್ದರೆ ಅದು ಎಡವಟ್ಟಲ್ಲ, ಕೆಲಸದ ಹಂಚಿಕೆ. ಆದರೆ ಎರಡನೆಯ ಕೈಯ ನಿಯಮ ಇಲ್ಲೂ ಉಂಟು: ವಾರಕ್ಕಿಷ್ಟಾದರೂ ಬಳಸದಿದ್ದರೆ ಅದು ಮರಗಟ್ಟುತ್ತದೆ. ಕಾಲು ಪಾಲು ಸಮಯ ಕೊಡಿ. ಕನ್ನಡದಲ್ಲಿ ಒಂದು ಪತ್ರ ಬರೆಯಿರಿ, ಫೋನಿನಲ್ಲಿ ಅಜ್ಜನೊಡನೆ ಹತ್ತು ನಿಮಿಷ ಮಾತನಾಡಿ. ನಗುವವರು ನಗಲಿ, ಮೊದಲು ಎಸೆದಾಗ ಎಲ್ಲರ ತಟ್ಟೆಯೂ ನಡುಗುತ್ತದೆ.

ಈ ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಒಂದು ಫ್ರಿಸ್ಬೀ ಮತ್ತು ಇಪ್ಪತ್ತು ಕಲ್ಲುಗಳೊಂದಿಗೆ ಮೈದಾನಕ್ಕೆ ಹೋಗಿ ಬನ್ನಿ. ಕಲ್ಲುಗಳು ಎಲ್ಲಿ ಒತ್ತಾಗಿ ಬಿದ್ದವು ಎಂದು ನಮ್ಮ ಪತ್ರಿಕೆಗೆ ಬರೆದು ತಿಳಿಸಿ. ಯಾವ ಕೈಯಲ್ಲಿ ಬರೆದರೂ ಸರಿ.